21 ಡಾಲರ್ ತೆರಿಗೆ, ತೀರದ ಋಣ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಗ್ರೀನ್‌ವಿಲ್ ನಗರದಲ್ಲಿರುವ ಬಾಬ್ ಜೋನ್ಸ್ ವಿಶ್ವವಿದ್ಯಾಲಯಕ್ಕೆ 2027ರಲ್ಲಿ ನೂರು ವರ್ಷ ತುಂಬುತ್ತದೆ. ಶತಮಾನೋತ್ಸವವೆಂದ ಮೇಲೆ ದೀಪ, ತೋರಣ, ಸ್ಮರಣಸಂಚಿಕೆ, ಸ್ಥಾಪಕರ ಗುಣಗಾನ ಎಲ್ಲವೂ ಇದ್ದದ್ದೇ. ಆದರೆ ಅದಕ್ಕೆ ಮೊದಲು ಈ ಸಂಸ್ಥೆ ಒಪ್ಪಿಸಬೇಕಾದ ಲೆಕ್ಕವೊಂದು ಬಾಕಿ ಇದೆ. ದೇವರ ಹೆಸರಿನಲ್ಲಿ ಅದು ದಶಕಗಳ ಕಾಲ ಕಪ್ಪು ವರ್ಣದವರಿಗೆ ಬಾಗಿಲು ಹಾಕಿತು. ಬಾಗಿಲು ತೆರೆದ ಮೇಲೂ ಮನುಷ್ಯರ ನಡುವೆ ಗೆರೆ ಎಳೆಯಿತು. ಆ ಗೆರೆಯನ್ನು ಅದು ತಾನಾಗಿ ಅಳಿಸಲಿಲ್ಲ, ಅಳಿಸುವಂತೆ ಹೊರಗಿನವರು ಮಾಡಬೇಕಾಯಿತು. ಧರ್ಮದ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಯೊಂದರ ಮೇಲೆ ಇದಕ್ಕಿಂತ ದೊಡ್ಡ ಆರೋಪವಿಲ್ಲ. ಆರೋಪ ರುಜುವಾತಾಗಿದೆ.

ಸ್ಥಾಪಕರಾದ ಹಿರಿಯ ಬಾಬ್ ಜೋನ್ಸ್ ಅಲಬಾಮಾದವರು. ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದ ಸೈನಿಕನ ಮಗ, ಊರೂರು ತಿರುಗಿ ಸಾವಿರಾರು ಜನರನ್ನು ಸೇರಿಸುತ್ತಿದ್ದ ಬೋಧಕ. 1925ರಲ್ಲಿ ಟೆನೆಸಿಯ ಡೇಟನ್‌ನಲ್ಲಿ ವಿಕಾಸವಾದ ಕಲಿಸಿದ ಶಿಕ್ಷಕನ ಮೇಲೆ ಮೊಕದ್ದಮೆ ನಡೆದು ಇಡೀ ದೇಶ ಎರಡು ಪಾಳಯವಾಯಿತು. ಕಾಲೇಜಿಗೆ ಹೋದ ಮಕ್ಕಳು ಶ್ರದ್ಧೆ ಕಳೆದುಕೊಂಡು ಮನೆಗೆ ಮರಳುತ್ತಾರೆ ಎಂಬ ಭಯ ಮೂಲಭೂತವಾದಿ ಕ್ರೈಸ್ತ ಕುಟುಂಬಗಳನ್ನು ಕಾಡುತ್ತಿತ್ತು. ಆ ಭಯಕ್ಕೆ ಉತ್ತರವಾಗಿ 1927ರಲ್ಲಿ ಫ್ಲಾರಿಡಾದ ಪನಾಮ ಸಿಟಿಯ ಹತ್ತಿರ 88 ವಿದ್ಯಾರ್ಥಿಗಳೊಂದಿಗೆ ಕಾಲೇಜು ಶುರುವಾಯಿತು. ಫ್ಲಾರಿಡಾದ ಭೂಮಿ ವ್ಯಾಪಾರ ನೆಲಕಚ್ಚಿತ್ತು, ಅದರ ಬೆನ್ನಿಗೆ ಆರ್ಥಿಕ ಮಹಾಕುಸಿತ ಬಂತು. ದಿವಾಳಿಯ ಅಂಚಿಗೆ ಬಂದ ಕಾಲೇಜು 1933ರಲ್ಲಿ ಟೆನೆಸಿಯ ಕ್ಲೀವ್‌ಲೆಂಡ್‌ಗೆ ಗುಳೆ ಎದ್ದಿತು, 1947ರಲ್ಲಿ ಗ್ರೀನ್‌ವಿಲ್‌ಗೆ ಬಂದು ವಿಶ್ವವಿದ್ಯಾಲಯವಾಯಿತು.

ಬೆಳವಣಿಗೆ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ನಾಟಕ, ಸಂಗೀತ, ಚಲನಚಿತ್ರ ತಯಾರಿಕೆಯ ವಿಭಾಗಗಳು ಬಂದವು. 1951ರಲ್ಲಿ ತೆರೆದ ಕಲಾಸಂಗ್ರಹದಲ್ಲಿ ಯೂರೋಪಿನ ಹಳೆಯ ಮಹಾನ್ ಕಲಾವಿದರ ಧಾರ್ಮಿಕ ಚಿತ್ರಗಳಿದ್ದವು, ಕಲಾವಿಮರ್ಶಕರು ಅಲ್ಲಿಗೆ ಹುಡುಕಿಕೊಂಡು ಬರುತ್ತಿದ್ದರು. ಸಂಸ್ಥೆಯ ಪ್ರಕಾಶನದ ಪಠ್ಯಪುಸ್ತಕಗಳು ದೇಶದ ಉದ್ದಗಲಕ್ಕೂ ಕ್ರೈಸ್ತ ಶಾಲೆಗಳಿಗೆ, ಮನೆಪಾಠದ ಮಕ್ಕಳಿಗೆ ತಲುಪಿದವು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಸರಕಾರ ಕೊಟ್ಟ ವಿದ್ಯಾರ್ಥಿವೇತನ ಹಿಡಿದು ಇಲ್ಲಿಗೂ ಬಂದರು. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಸರಕಾರ ತನ್ನ ತಂಟೆಗೆ ಬರಬಾರದು ಎಂದು ನ್ಯಾಯಾಲಯದಲ್ಲಿ ವಾದಿಸಿದ ಸಂಸ್ಥೆ ಬೆಳೆದದ್ದರಲ್ಲಿ ಸಾರ್ವಜನಿಕರ ಹಣವೂ ಇತ್ತು.

1960ರ ಏಪ್ರಿಲ್ 17, ಈಸ್ಟರ್ ಭಾನುವಾರ. ಕ್ರೈಸ್ತರಿಗೆ ವರ್ಷದಲ್ಲೇ ಪವಿತ್ರವಾದ ಆ ದಿನ ಹಿರಿಯ ಜೋನ್ಸ್ ರೇಡಿಯೋದಲ್ಲಿ ಮಾತನಾಡಿದರು. ವಿಷಯ, ವರ್ಣಬೇರ್ಪಾಡಿಗೆ ಧರ್ಮಗ್ರಂಥದ ಒಪ್ಪಿಗೆ ಇದೆಯೇ ಎಂಬುದು. ಇದೆ ಎಂದರು. ದೇವರೇ ಜನಾಂಗಗಳ ಎಲ್ಲೆ ಗೊತ್ತುಮಾಡಿದ್ದಾನೆ, ಅದನ್ನು ಮೀರಲು ಹೊರಟವರು ದೇವರಿಗೆ ಎದುರು ನಿಂತವರು ಎಂಬುದು ಭಾಷಣದ ಸಾರ. ಆ ಉಪದೇಶ ಪುಸ್ತಿಕೆಯಾಗಿ ಅಚ್ಚಾಯಿತು. ಅದೇ ಗ್ರೀನ್‌ವಿಲ್‌ನಲ್ಲಿ, ಅದೇ ವರ್ಷ, ಮೂರು ತಿಂಗಳ ನಂತರ, ಜುಲೈ 16ರಂದು ಎಂಟು ಮಂದಿ ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾಗಿದ್ದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಓದಲು ಕುಳಿತರು. ಪೊಲೀಸರು ಅವರನ್ನು ಬಂಧಿಸಿದರು. ಅವರಲ್ಲೊಬ್ಬರು ಆ ಊರಿನ ಹುಡುಗ, ಮುಂದೆ ನಾಗರಿಕ ಹಕ್ಕುಗಳ ನಾಯಕನಾದ ಜೆಸ್ಸಿ ಜಾಕ್ಸನ್. ಪುಸ್ತಕ ಕೇಳಿದವರು ಜೈಲು ಕಂಡ ಊರಿನಲ್ಲಿ, ಪುಸ್ತಕದ ಹೆಸರು ಹೇಳಿ ಬೇರ್ಪಾಡನ್ನು ಬೋಧಿಸಿದವರು ಗೌರವದ ಪೀಠದಲ್ಲಿದ್ದರು.

ಅದು ಆ ಕಾಲದ ದೋಷ, ಎಲ್ಲರೂ ಹಾಗೆಯೇ ಇದ್ದರು ಎಂಬ ಸಮಜಾಯಿಷಿಯನ್ನು ಇಂದಿಗೂ ಕೇಳುತ್ತೇವೆ. ಎಲ್ಲರೂ ಹಾಗಿರಲಿಲ್ಲ. ಅದೇ ರಾಜ್ಯದ ಕ್ಲೆಮ್ಸನ್ ಕಾಲೇಜು 1963ರಲ್ಲಿ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡಿತು. ಅದೇ ಗ್ರೀನ್‌ವಿಲ್‌ನಲ್ಲಿರುವ ಫರ್ಮನ್ ವಿಶ್ವವಿದ್ಯಾಲಯ ಬ್ಯಾಪ್ಟಿಸ್ಟರು ಕಟ್ಟಿದ ಸಂಸ್ಥೆ. ಅದೂ ಅದೇ ಬೈಬಲ್ ಓದಿ, 1965ರಲ್ಲಿ ಬಾಗಿಲು ತೆರೆಯಿತು. ಬಾಬ್ ಜೋನ್ಸ್ ವಿಶ್ವವಿದ್ಯಾಲಯ 1971ರವರೆಗೂ ಕದಲಲಿಲ್ಲ. ಆಮೇಲೂ ನಾಲ್ಕು ವರ್ಷ ಮದುವೆಯಾದ ಕಪ್ಪು ವರ್ಣೀಯರಿಗಷ್ಟೇ ಪ್ರವೇಶ, ಅವಿವಾಹಿತರಿಗಿಲ್ಲ. 1975ರಲ್ಲಿ ಎಲ್ಲರಿಗೂ ಪ್ರವೇಶ ಕೊಟ್ಟಾಗ ಅದರ ಜೊತೆಗೇ ನಿಯಮವೊಂದು ಬಂತು. ಬೇರೆ ಜನಾಂಗದವರೊಂದಿಗೆ ಡೇಟಿಂಗ್ ಮಾಡಿದರೆ ಉಚ್ಚಾಟನೆ, ಮದುವೆಯಾದರೆ ಉಚ್ಚಾಟನೆ, ಅಂಥ ಮದುವೆಯನ್ನು ಸಮರ್ಥಿಸುವ ಸಂಘಟನೆಗೆ ಸೇರಿದರೂ ಉಚ್ಚಾಟನೆ. ವರ್ಜೀನಿಯಾದ ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ ಅಂತರಜನಾಂಗೀಯ ವಿವಾಹ ನಿಷೇಧವನ್ನು ಸುಪ್ರೀಂ ಕೋರ್ಟ್ ರದ್ದುಮಾಡಿ ಆಗಲೇ ಎಂಟು ವರ್ಷ ಕಳೆದಿತ್ತು.

ತೆರಿಗೆ ಇಲಾಖೆ ನಡುವೆ ಬಂದದ್ದು ಇಲ್ಲಿ. ವರ್ಣಭೇದ ಮಾಡುವ ಖಾಸಗಿ ಶಾಲೆಗಳಿಗೆ ದತ್ತಿ ಸಂಸ್ಥೆಯ ವಿನಾಯಿತಿ ಕೊಡಲಾಗದು ಎಂದು ಇಲಾಖೆ 1970ರಲ್ಲೇ ತಿಳಿಸಿತ್ತು. 1976ರ ಜನವರಿಯಲ್ಲಿ ವಿಶ್ವವಿದ್ಯಾಲಯದ ವಿನಾಯಿತಿಯನ್ನು 1970ರ ಡಿಸೆಂಬರ್ 1ರಿಂದಲೇ ಅನ್ವಯವಾಗುವಂತೆ ರದ್ದುಮಾಡಿತು. ಸಂಸ್ಥೆ ಒಬ್ಬ ನೌಕರನ ಲೆಕ್ಕದಲ್ಲಿ 21 ಡಾಲರ್ ನಿರುದ್ಯೋಗ ತೆರಿಗೆ ಕಟ್ಟಿ, ಅದನ್ನು ಹಿಂದಿರುಗಿಸಿ ಎಂದು ದಾವೆ ಹೂಡಿತು. ಸರಕಾರ ಪ್ರತಿದಾವೆಯಲ್ಲಿ ಕೇಳಿದ ಬಾಕಿ ಬಡ್ಡಿ ಬಿಟ್ಟು 4,89,675 ಡಾಲರ್. ಆದರೆ ಹಣಕ್ಕಿಂತ ದೊಡ್ಡ ಪ್ರಶ್ನೆ ಕಟಕಟೆಗೆ ಬಂದಿತ್ತು. ತೆರಿಗೆ ವಿನಾಯಿತಿ ಎಂದರೆ ಏನು? ಒಬ್ಬರು ಕಟ್ಟದ ತೆರಿಗೆಯ ಭಾರ ಉಳಿದೆಲ್ಲರ ಹೆಗಲಿಗೆ ಬೀಳುತ್ತದೆ. ಹಾಗಿದ್ದ ಮೇಲೆ ತನ್ನ ಮಗಳನ್ನು ಸೇರಿಸಿಕೊಳ್ಳದ ವಿಶ್ವವಿದ್ಯಾಲಯದ ಭಾರವನ್ನು ಗ್ರೀನ್‌ವಿಲ್‌ನ ಕಪ್ಪು ಕಾರ್ಮಿಕ ಏಕೆ ಹೊರಬೇಕು?

ಕೆಳಗಿನ ನ್ಯಾಯಾಲಯ ಸಂಸ್ಥೆಯ ಪರ, ಮೇಲ್ಮನವಿ ನ್ಯಾಯಾಲಯ ವಿರುದ್ಧ ತೀರ್ಪು ಕೊಟ್ಟು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, 1982ರ ಜನವರಿಯಲ್ಲಿ ರೇಗನ್ ಆಡಳಿತ ತನ್ನದೇ ಇಲಾಖೆಯ ಕೈಬಿಟ್ಟಿತು. ವಿನಾಯಿತಿ ನಿರಾಕರಿಸುವ ಅಧಿಕಾರ ಇಲಾಖೆಗೆ ಇಲ್ಲ ಎಂದಿತು. ದೇಶದಲ್ಲಿ ಕೋಲಾಹಲವೆದ್ದಿತು. ತೆರಿಗೆ ಇಲಾಖೆಯ ನಿಲುವನ್ನು ಸಮರ್ಥಿಸಲು ನ್ಯಾಯಾಲಯವೇ ವಿಲಿಯಂ ಕೋಲ್ಮನ್ ಅವರನ್ನು ನೇಮಿಸಬೇಕಾಯಿತು. ಕೋಲ್ಮನ್ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರ ಗುಮಾಸ್ತರಾಗಿ ಕೆಲಸ ಮಾಡಿದ ಮೊದಲ ಕಪ್ಪು ವಕೀಲ, ಶಾಲೆಗಳ ವರ್ಣಬೇರ್ಪಾಡನ್ನು ಮುರಿದ ಬ್ರೌನ್ ಮೊಕದ್ದಮೆಯಲ್ಲಿ ದುಡಿದವರು. 1983ರ ಮೇ 24ರಂದು 8-1 ಬಹುಮತದ ತೀರ್ಪು ಬಂತು. ದತ್ತಿ ಎನಿಸಿಕೊಳ್ಳಬೇಕಾದರೆ ಸಂಸ್ಥೆ ಸಾರ್ವಜನಿಕ ಹಿತಕ್ಕೆ ಒದಗಬೇಕು, ದೇಶ ಒಪ್ಪಿಕೊಂಡ ಮೂಲನೀತಿಗೆ ವಿರುದ್ಧವಾಗಿ ನಡೆಯಬಾರದು, ಶಿಕ್ಷಣದಲ್ಲಿ ವರ್ಣಭೇದವನ್ನು ತೊಡೆಯುವ ಸರಕಾರದ ಹಿತ ಸಂಸ್ಥೆಯ ಧಾರ್ಮಿಕ ಆಚರಣೆಯ ಮೇಲೆ ಬೀಳುವ ಹೊರೆಗಿಂತ ತೂಕದ್ದು ಎಂದು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಬರೆದರು. ನಂಬಿಕೆಯನ್ನು ಯಾರೂ ನಿಷೇಧಿಸಲಿಲ್ಲ. ತರಗತಿಗಳು ನಡೆದವು, ಪ್ರಾರ್ಥನೆ ನಿಲ್ಲಲಿಲ್ಲ. ಇತರರ ಖರ್ಚಿನಲ್ಲಿ ಭೇದ ಮಾಡುವ ಸವಲತ್ತು ಮಾತ್ರ ಹೋಯಿತು.

ತೀರ್ಪಿನಲ್ಲಿ ಎರಡು ಅಳುಕಿನ ದನಿಗಳಿದ್ದವು, ಅವನ್ನು ತಳ್ಳಿಹಾಕುವುದು ಸರಿಯಲ್ಲ. ವರ್ಣಭೇದದ ವಿರುದ್ಧ ದೇಶಕ್ಕೆ ಗಟ್ಟಿ ನೀತಿ ಇರುವುದನ್ನು ಒಪ್ಪಿದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್, ಆದರೂ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಬರೆಯದ ಷರತ್ತನ್ನು ನ್ಯಾಯಾಲಯ ಬರೆಯಬಾರದು ಎಂದರು. ತೀರ್ಪಿಗೆ ಸಹಮತ ಸೂಚಿಸಿದ ನ್ಯಾಯಮೂರ್ತಿ ಪೊವೆಲ್, ವಿನಾಯಿತಿ ಎನ್ನುವುದು ಸರಕಾರದ ಮಾತಿಗೆ ತಲೆಯಾಡಿಸುವವರಿಗೆ ಮಾತ್ರ ಸಿಗುವ ಬಹುಮಾನವಾಗಬಾರದು ಎಂದು ಎಚ್ಚರಿಸಿದರು. ಪೊವೆಲ್ ಅವರ ಭಯ ಬರಿಯ ಊಹೆಯಾಗಿ ಉಳಿದಿಲ್ಲ. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ತಮಗೆ ಮಣಿಯದ ಹಾರ್ವರ್ಡ್‌ನ ತೆರಿಗೆ ವಿನಾಯಿತಿಯನ್ನು ಕಿತ್ತುಕೊಳ್ಳುವ ಬೆದರಿಕೆ ಹಾಕಿದಾಗ ಬಾಬ್ ಜೋನ್ಸ್ ತೀರ್ಪು ಮತ್ತೆ ಎಲ್ಲರ ಬಾಯಿಗೆ ಬಂತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಗ್ರೀನ್‌ವಿಲ್‌ನ ಸಂಸ್ಥೆಗೆ ಐದು ವರ್ಷಕ್ಕೂ ಹೆಚ್ಚಿನ ಮುನ್ಸೂಚನೆ ಇತ್ತು, ನಿಯಮ ಎಲ್ಲ ಶಾಲೆಗಳಿಗೂ ಒಂದೇ ಆಗಿತ್ತು, ಮೂರು ಹಂತದ ನ್ಯಾಯಾಲಯಗಳು ವಾದ ಕೇಳಿದವು. ಅಧಿಕಾರಸ್ಥನೊಬ್ಬನ ಮುನಿಸು ಆ ದಾರಿಯಲ್ಲಿ ಬಂದದ್ದಲ್ಲ. ತೀರ್ಪನ್ನು ದುರುಪಯೋಗ ಮಾಡಹೊರಟವರು ಇದ್ದಾರೆಂಬ ಕಾರಣಕ್ಕೆ ತೀರ್ಪು ತಪ್ಪಾಗುವುದಿಲ್ಲ.

ಸೋತ ಮೇಲೆ ವಿಶ್ವವಿದ್ಯಾಲಯ ಏನು ಮಾಡಿತು? ತೆರಿಗೆ ಕಟ್ಟಿತು, ನಿಯಮ ಉಳಿಸಿಕೊಂಡಿತು. ಮುಂದಿನ 17 ವರ್ಷ ಹಾಗೆಯೇ ನಡೆಯಿತು. ಶ್ರದ್ಧೆಗಾಗಿ ಬೆಲೆ ತೆತ್ತವರ ಬಗ್ಗೆ ನಮಗೆ ಸಹಜವಾಗಿ ಮರ್ಯಾದೆ ಹುಟ್ಟುತ್ತದೆ. ಆ ಮರ್ಯಾದೆಗೆ ಈ ಸಂಸ್ಥೆ ಅರ್ಹವೇ ಎಂಬುದು 2000ದಲ್ಲಿ ತೀರ್ಮಾನವಾಯಿತು. ಆ ಫೆಬ್ರವರಿಯಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಿದ್ದ ಜಾರ್ಜ್ ಡಬ್ಲ್ಯು. ಬುಷ್ ಅಲ್ಲಿ ಭಾಷಣ ಮಾಡಿದರು. ನಿಯಮದ ಸುದ್ದಿ ದೇಶದ ಮನೆಮನೆಗೂ ಮುಟ್ಟಿತು. ಸಂಸ್ಥೆಯ ಕ್ಯಾಥೊಲಿಕ್ ವಿರೋಧಿ ನಿಲುವಿನ ಕಾರಣ ಬುಷ್ ಕ್ಯಾಥೊಲಿಕ್ ಕಾರ್ಡಿನಲ್ ಒಬ್ಬರಿಗೆ ವಿಷಾದದ ಪತ್ರ ಬರೆಯಬೇಕಾಯಿತು. ಮಾರ್ಚ್ 3ರ ರಾತ್ರಿ ಲ್ಯಾರಿ ಕಿಂಗ್ ಅವರ ಟಿವಿ ಕಾರ್ಯಕ್ರಮದಲ್ಲಿ ಸ್ಥಾಪಕರ ಮೊಮ್ಮಗ, ವಿಶ್ವವಿದ್ಯಾಲಯದ ಅಧ್ಯಕ್ಷ ಮೂರನೆಯ ಬಾಬ್ ಜೋನ್ಸ್ ನಿಷೇಧ ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು. ಆ ನಿಯಮಕ್ಕೆ ಬೈಬಲ್‌ನ ಒಂದು ವಾಕ್ಯವನ್ನೂ ಆಧಾರವಾಗಿ ತೋರಿಸಲಾಗದು ಎಂದೂ ಒಪ್ಪಿಕೊಂಡರು.

ಈ ಒಪ್ಪಿಗೆಯ ಮುಂದೆ ಸಂಸ್ಥೆಯ ಇಡೀ ಇತಿಹಾಸವನ್ನು ಇಟ್ಟು ನೋಡಬೇಕು. ಇದು ನಮ್ಮ ಧರ್ಮಗ್ರಂಥದ ಅಪ್ಪಣೆ, ಮುಟ್ಟಿದರೆ ನಮ್ಮ ಧಾರ್ಮಿಕ ಸ್ವಾತಂತ್ರ್ಯಕ್ಕೆ ಭಂಗ ಎಂದು ಸುಪ್ರೀಂ ಕೋರ್ಟಿನವರೆಗೂ ಹೋಗಿ ವಾದಿಸಿದವರು ಇವರೇ. ಆ ವಾದವನ್ನು ನಂಬಿ ಎಷ್ಟೋ ತಾಯಿತಂದೆಯರು ಮಕ್ಕಳನ್ನು ಕಳಿಸಿದರು. ಎಷ್ಟೋ ಯುವಕ ಯುವತಿಯರು ಪ್ರೀತಿಸಿದವರನ್ನು ಬಿಟ್ಟಿರಬೇಕು, ಬಿಟ್ಟದ್ದು ದೇವರಿಗಾಗಿ ಎಂದು ತಮ್ಮನ್ನು ತಾವೇ ಒಪ್ಪಿಸಿಕೊಂಡಿರಬೇಕು. ದೇವರ ಅಪ್ಪಣೆಯೇ ಆಗಿದ್ದರೆ ಚುನಾವಣೆಯ ಗದ್ದಲಕ್ಕೆ ಹೆದರಿ ಒಂದು ರಾತ್ರಿಯಲ್ಲಿ ಬಿಡಲು ಬರುತ್ತಿರಲಿಲ್ಲ. ಆಗಿರದಿದ್ದರೆ ಅಷ್ಟು ವರ್ಷ ದೇವರ ಹೆಸರು ಹೇಳಿದ್ದು ಸುಳ್ಳು. ಸಂಸ್ಥೆ ಭಕ್ತರಿಗೇ ಮೋಸ ಮಾಡಿತು ಎಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಕ್ಷಮಾಪಣೆ ಬಂದದ್ದು 2008ರ ನವೆಂಬರ್‌ನಲ್ಲಿ. ಅದೂ ಹಳೆಯ ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿ ಒತ್ತಾಯಿಸಿದ ಮೇಲೆ. ಆ ಹಳೆಯ ವಿದ್ಯಾರ್ಥಿಗಳಿಗೆ ನಮ್ಮ ಗೌರವ ಸಲ್ಲುತ್ತದೆ. ಕಲಿಸಿದವರಿಗಿಂತ ಕಲಿತವರು ದೊಡ್ಡವರಾದರು. ಕ್ಷಮಾಪಣೆಯ ಒಕ್ಕಣೆಯಲ್ಲಿ ಮಾತ್ರ ತೊಡಕಿದೆ. ಧರ್ಮಗ್ರಂಥವನ್ನು ಅನುಸರಿಸುವ ಬದಲು ಸುತ್ತಲಿನ ಅಮೆರಿಕನ್ ಸಂಸ್ಕೃತಿಗೆ ಹೊಂದಿಕೊಂಡುಬಿಟ್ಟೆವು ಎಂದು ಅದು ಹೇಳಿತು. 1980ರಲ್ಲಿ, 1990ರಲ್ಲಿ ಸುತ್ತಲಿನ ಸಂಸ್ಕೃತಿ ಬಹಳ ಮುಂದೆ ಹೋಗಿತ್ತು. ಹಿಂದೆ ನಿಂತವರು ಇವರು. ತಪ್ಪನ್ನು ಕಾಲದ ತಲೆಗೆ ಕಟ್ಟಿದ ಕ್ಷಮೆ ಅರ್ಧ ಕ್ಷಮೆ. ವರ್ಣದ್ವೇಷಿ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಸದಸ್ಯನಾಗಿದ್ದ ಅಲಬಾಮಾದ ರಾಜ್ಯಪಾಲ ಬಿಬ್ ಗ್ರೇವ್ಸ್ ಹೆಸರು ವಿದ್ಯಾರ್ಥಿನಿಲಯದಿಂದ ಇಳಿದದ್ದು ಅದಕ್ಕೂ ಮೂರು ವರ್ಷದ ನಂತರ, 2011ರಲ್ಲಿ. ತೆರಿಗೆ ವಿನಾಯಿತಿ ಮಾತ್ರ 2017ರಲ್ಲಿ ಸಂಸ್ಥೆಗೆ ಮರಳಿ ಸಿಕ್ಕಿದೆ.

ಇದು ದೂರದ ಅಮೆರಿಕದ ಕತೆ ಎಂದು ನಮ್ಮ ಓದುಗರು ಪುಟ ಮಗುಚಬಾರದು. ರೆನ್‌ಕ್ವಿಸ್ಟ್ ಕೇಳಿದ ಪ್ರಶ್ನೆಗೆ ಭಾರತ 1961ರಲ್ಲೇ ಬರಹದಲ್ಲಿ ಉತ್ತರ ಕೊಟ್ಟಿತ್ತು. ಆ ವರ್ಷದ ಆದಾಯ ತೆರಿಗೆ ಕಾಯ್ದೆಯ 13ನೆಯ ಕಲಂ, ಕಾಯ್ದೆ ಬಂದ ನಂತರ ಯಾವುದೇ ಒಂದು ಧಾರ್ಮಿಕ ಸಮುದಾಯ ಇಲ್ಲವೇ ಜಾತಿಯ ಹಿತಕ್ಕೆಂದು ಕಟ್ಟಿದ ದತ್ತಿ ಸಂಸ್ಥೆಗೆ ವಿನಾಯಿತಿ ಸಲ್ಲದು ಎಂದಿತು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರು ಹೊತ್ತ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ, ವಿದ್ಯಾಸಂಸ್ಥೆ ನಡೆಸುವ ಹಕ್ಕು ಎಲ್ಲರಿಗೂ ಇದೆ, ಆದರೆ ಅದು ನಿಯಂತ್ರಣಕ್ಕೆ ಹೊರತಲ್ಲ ಎಂದು ಹೇಳಿತು. ಕರ್ನಾಟಕದಲ್ಲಿ ಮಠಗಳು, ಚರ್ಚುಗಳು, ಮುಸ್ಲಿಂ ಟ್ರಸ್ಟುಗಳು ಕಟ್ಟಿದ ಕಾಲೇಜು, ವಿಶ್ವವಿದ್ಯಾಲಯಗಳು ಜಿಲ್ಲೆಜಿಲ್ಲೆಯಲ್ಲಿವೆ. ತುಮಕೂರಿನ ಸಿದ್ಧಗಂಗೆಯ ಪಂಕ್ತಿಯಲ್ಲಿ ಜಾತಿ, ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇಡುವುದನ್ನು ಕಂಡ ನಾವು, ಶ್ರದ್ಧೆಯೇ ನಮ್ಮನ್ನು ಭೇದಕ್ಕೆ ದೂಡಿತು ಎಂಬ ನೆಪವನ್ನು ಒಪ್ಪಲಾರೆವು. ದೇವರ ಹೆಸರಿನಲ್ಲಿ ಭೂಮಿ, ಅನುದಾನ, ವಿನಾಯಿತಿ ಪಡೆದ ಪ್ರತಿ ಸಂಸ್ಥೆಯೂ ತನ್ನ ಪ್ರವೇಶದ ಪಟ್ಟಿಯನ್ನು, ನೇಮಕಾತಿಯ ಪಟ್ಟಿಯನ್ನು, ಹಾಸ್ಟೆಲಿನ ನಿಯಮಗಳನ್ನು ಸಾರ್ವಜನಿಕರ ಮುಂದೆ ತೆರೆದಿಡಲಿ.

ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಶತಮಾನೋತ್ಸವದ ವೇದಿಕೆ ಕಟ್ಟುವ ಮುನ್ನ ಮಾಡಬೇಕಾದ ಕೆಲಸಗಳಿವೆ. 1960ರ ಈಸ್ಟರ್ ಭಾಷಣವನ್ನು ಪೂರ್ತಿಯಾಗಿ, ಅದು ತಪ್ಪೆಂಬ ಸ್ಪಷ್ಟ ಮಾತಿನೊಂದಿಗೆ, ತನ್ನ ಗ್ರಂಥಾಲಯದಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು. ಮೈಬಣ್ಣದ ಕಾರಣಕ್ಕೆ ಪ್ರವೇಶ ಸಿಗದವರನ್ನು, ಪ್ರೀತಿಸಿದ ಕಾರಣಕ್ಕೆ ಹೊರಬಿದ್ದವರನ್ನು ದಾಖಲೆಗಳಿಂದ ಹುಡುಕಬೇಕು. 1975ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರಲ್ಲಿ ಬದುಕಿರುವವರ ಮನೆ ಬಾಗಿಲಿಗೆ ಸಂಸ್ಥೆ ಹೋಗಬೇಕು, ಈ ವರ್ಷವೇ ಹೋಗಬೇಕು.