ಅವಳ ಪಾತ್ರಕ್ಕೆ ಅವಳೇ ಬೇಕು
ತುಮಕೂರಿನಿಂದ ಗುಬ್ಬಿ ದೂರವೇನಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯ ಕಾಲಕ್ಕೆ ಸೀರೆಯುಟ್ಟು ದ್ರೌಪದಿಯಾಗುತ್ತಿದ್ದವರು ಗಂಡಸರೇ. ಆ ವೇಷವನ್ನು ಜನ ಲೇವಡಿ ಮಾಡಲಿಲ್ಲ, ಕಲೆಯೆಂದು ಮೆಚ್ಚಿದರು. ಮುಂದೆ ಅದೇ ಕಂಪನಿಯ ಗುಬ್ಬಿ ವೀರಣ್ಣನವರು ಬಿ. ಜಯಮ್ಮನಂಥ ನಟಿಯರನ್ನು ರಂಗಕ್ಕೆ ತಂದರು. ಹೆಣ್ಣಿನ ಪಾತ್ರ ಹೆಣ್ಣಿಗೇ ಸಿಕ್ಕಿತು. ಆಮೇಲೆ ಬಂದ ಸಿನಿಮಾ ಮಾತ್ರ ಹೆಣ್ಣಿಗನನ್ನು ನಗೆಪಾಟಲು ಮಾಡಿಟ್ಟಿತು. ಆ ಚಾಳಿಯನ್ನು ಮುರಿದದ್ದು ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಚಿತ್ರ. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಅದಕ್ಕೆ ಆಧಾರ. ವಿದ್ಯಾಳಾಗಿ ನಟಿಸಿದ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಕೊರಿಯಾದಲ್ಲೂ ಹೀಗೊಂದು ತಿರುವು ಬಂದಿತ್ತು. 2005ರ ‘ದಿ ಕಿಂಗ್ ಅಂಡ್ ದಿ ಕ್ಲೌನ್’ ಚಿತ್ರದಲ್ಲಿ ಸ್ತ್ರೀವೇಷದ ಆಟಗಾರನೊಬ್ಬ ರಾಜನ ಮನಸ್ಸು ಕದಿಯುತ್ತಾನೆ. ನಮ್ಮ ಬಯಲಾಟದ ಮೇಳಗಳಂತೆ ಊರೂರು ಅಲೆಯುವ ತಂಡದವನು ಅವನು. ಗಂಡಿಗೆ ಗಂಡಿನ ಮೇಲೆ ಒಲವು ಎಂದರೆ ಮುಖ ಸಿಂಡರಿಸುವ ಸಮಾಜದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಆ ಚಿತ್ರವನ್ನು ನೋಡಿದರು. ಅಂದರೆ ಪ್ರೇಕ್ಷಕ ಒಪ್ಪುವುದಿಲ್ಲ ಎಂಬ ನಿರ್ಮಾಪಕರ ನೆಪ ಅಲ್ಲಿ ನಿಲ್ಲಲಿಲ್ಲ. ನಮ್ಮಲ್ಲಿಗೆ ಮರಳಿದರೆ, ವಿಜಯ್ ಅಭಿನಯದ ಬಗ್ಗೆ ಎರಡು ಮಾತಿಲ್ಲ. ಆದರೆ ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನು ಹೇಳುವ ಚಿತ್ರಕ್ಕೂ ನಾಯಕಿಯ ಪಾತ್ರಕ್ಕೆ ಗಂಡಸನ್ನೇ ಹುಡುಕುವುದು ಎಲ್ಲಿಯವರೆಗೆ? ವೀರಣ್ಣನವರು ಕಂಪನಿ ನಾಟಕದ ಕಾಲದಲ್ಲೇ ತೋರಿದ ಧೈರ್ಯ ಇವತ್ತಿನ ಗಾಂಧಿನಗರದ ಚಿತ್ರೋದ್ಯಮಕ್ಕೂ ಬರಲಿ.