ಬಡ ಕುಟುಂಬಗಳ ಮನೆಗೆ ಕೈಗೆಟುಕುವ ದರದ ಇಂಟರ್ನೆಟ್: ಮನವಿ ಪತ್ರ

ಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.
(ಮಾನ್ಯ ಜಿಲ್ಲಾಧಿಕಾರಿಗಳು, ಚಿತ್ರದುರ್ಗ ಜಿಲ್ಲೆ, ಇವರ ಮೂಲಕ)

ಮಾನ್ಯರೇ,

ವಿಷಯ: ಬಿಪಿಎಲ್ ಮತ್ತು ಅಂತ್ಯೋದಯ ಪಡಿತರ ಚೀಟಿದಾರರ ಮನೆ ಇಂಟರ್ನೆಟ್ ಸಂಪರ್ಕಕ್ಕೆ ಮಾಸಿಕ ಸಹಾಯಧನ ನೀಡುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಚಳ್ಳಕೆರೆ ತಾಲ್ಲೂಕಿನ ಕೃಷಿ ಕೂಲಿಕಾರರು, ಕುರಿಗಾಹಿಗಳು ಹಾಗೂ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

ನಮ್ಮ ಬಹುತೇಕ ಮನೆಗಳಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್. ಬೆಳಿಗ್ಗೆ ಅದು ಯಜಮಾನರ ಜೇಬಿನಲ್ಲಿ ಕೂಲಿಗೆ ಹೋದರೆ ಮಕ್ಕಳ ಕೈಗೆ ಸಿಗುವುದು ರಾತ್ರಿ ಊಟದ ಹೊತ್ತಿಗೆ. ಎಸ್ಸೆಸ್ಸೆಲ್ಸಿ ಓದುವ ಮಗಳು ಗಣಿತದ ವಿಡಿಯೋ ಪಾಠವನ್ನು ಅರ್ಧ ನೋಡುವಷ್ಟರಲ್ಲಿ ದಿನದ ಡೇಟಾ ಖಾಲಿ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಸೈಬರ್ ಸೆಂಟರ್‌ಗೆ ಹೋದರೆ ಒಟಿಪಿ ಬರುವ ಫೋನು ಹೊಲದಲ್ಲಿ ಅಪ್ಪನ ಬಳಿ ಇರುತ್ತದೆ. ಅರ್ಜಿಯೂ ಆಗುವುದಿಲ್ಲ, ಆ ದಿನದ ಶಾಲೆಯೂ ತಪ್ಪುತ್ತದೆ.

ಊರಿಗೆ ಕೇಬಲ್ಲೇ ಬಂದಿಲ್ಲ ಎಂಬುದು ನಮ್ಮ ದೂರಲ್ಲ. ಕೇಂದ್ರದ ಭಾರತ್‌ನೆಟ್ ಯೋಜನೆಯ ಫೈಬರ್ ಪಂಚಾಯಿತಿ ಕಚೇರಿಯವರೆಗೆ ಬಂದಿದೆ. ಅದು ನಮ್ಮ ಹೊಸ್ತಿಲು ದಾಟದಿರಲು ಮುಖ್ಯ ಕಾರಣ ತಿಂಗಳ ಬಿಲ್. 399 ರೂಪಾಯಿ ಎಂದು ಜಾಹೀರಾತಾಗುವ ಸಂಪರ್ಕಕ್ಕೆ ಶೇ. 18ರ ಜಿಎಸ್‌ಟಿ ಸೇರಿ ಕಟ್ಟಬೇಕಾದದ್ದು 470 ರೂಪಾಯಿ 82 ಪೈಸೆ. 2025-26ನೇ ಸಾಲಿಗೆ ನಿಗದಿಯಾದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಸೇವಾದಾರರು ಆರು ತಿಂಗಳ ಹಣ ಮುಂಗಡ ಕಟ್ಟಿ ಎಂದರೆ 2,825 ರೂಪಾಯಿ, ಅಂದರೆ ಏಳೂವರೆ ದಿನಕ್ಕೂ ಹೆಚ್ಚಿನ ದುಡಿಮೆ. ಶೇಂಗಾ ಕೊಯ್ಲು ಮುಗಿದ ಮೇಲೆ ವಾರಕ್ಕೆ ಎರಡು ದಿನ ಕೂಲಿ ಸಿಗುವುದೂ ಕಷ್ಟವಾದ ಊರುಗಳಲ್ಲಿ ಇಷ್ಟನ್ನು ಒಟ್ಟಿಗೆ ಹೊಂದಿಸುವುದು ಆಗದ ಮಾತು.

ಇದಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಿಲ್ಲ. ಗ್ರಾಮೀಣ ಗ್ರಾಹಕರ ಸ್ಥಿರ ಬ್ರಾಡ್‌ಬ್ಯಾಂಡ್ ಶುಲ್ಕದ ಅರ್ಧದಷ್ಟನ್ನು, ತಿಂಗಳಿಗೆ ಗರಿಷ್ಠ 200 ರೂಪಾಯಿ ಮಿತಿಯಲ್ಲಿ, ನೇರವಾಗಿ ಅವರ ಖಾತೆಗೆ ಮರುಪಾವತಿಸುವ ಪ್ರಾಯೋಗಿಕ ಯೋಜನೆಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2021ರ ಆಗಸ್ಟ್‌ನಲ್ಲಿಯೇ ಶಿಫಾರಸು ಮಾಡಿದೆ. ನೆರೆಯ ಕೇರಳ 2023ರ ಜೂನ್‌ನಲ್ಲಿ ಕೆ-ಫೋನ್ ಎಂಬ ಸರ್ಕಾರಿ ಇಂಟರ್ನೆಟ್ ಜಾಲವನ್ನು ಉದ್ಘಾಟಿಸಿ, ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟುಕೊಂಡಿದೆ. ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಭಾಗವೆಂದು ಅಲ್ಲಿನ ಹೈಕೋರ್ಟ್ 2019ರಲ್ಲಿಯೇ ಹೇಳಿದೆ. ನಾವು ಉಚಿತವಾಗಿ ಕೊಡಿ ಎನ್ನುತ್ತಿಲ್ಲ. 200 ರೂಪಾಯಿ ನೆರವು ಸಿಕ್ಕರೆ ನಮ್ಮ ಪಾಲು 271 ರೂಪಾಯಿಗೆ ಇಳಿಯುತ್ತದೆ. ಅಷ್ಟನ್ನು ತಿಂಗಳು ತಿಂಗಳು ಕಟ್ಟಲು ಸಿದ್ಧರಿದ್ದೇವೆ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಗೃಹಲಕ್ಷ್ಮಿ ಹಣದಂತೆಯೇ ತಿಂಗಳಿಗೆ 200 ರೂಪಾಯಿ ಇಂಟರ್ನೆಟ್ ಸಹಾಯಧನವನ್ನು ಮನೆಯೊಡತಿಯ ಖಾತೆಗೆ ಜಮಾ ಮಾಡಬೇಕು. ಶಾಲಾ-ಕಾಲೇಜು ಮಕ್ಕಳಿರುವ ಮನೆಗಳಿಗೆ ಮೊದಲ ಆದ್ಯತೆ ಇರಲಿ. ನಮ್ಮ ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಬೇಕು.

2. ಈ ಯೋಜನೆಗೆ ಸೇರುವ ಸೇವಾದಾರರು ಮುಂಗಡ, ಠೇವಣಿ, ಅಳವಡಿಕೆ ಶುಲ್ಕ ಕೇಳಬಾರದು. ಮೋಡೆಮ್ ಅನ್ನು ಹಿಂದಿರುಗಿಸುವ ಷರತ್ತಿನ ಮೇಲೆ ಕೊಡಬೇಕು. ಒಂದು ತಿಂಗಳು ಬಾಕಿ ಉಳಿದರೆ ಸಂಪರ್ಕ ಕಡಿಯದೆ ವೇಗವನ್ನಷ್ಟೇ ತಗ್ಗಿಸಬೇಕು.

3. ಕಡಿಮೆ ದರದ ಮನೆ ಬ್ರಾಡ್‌ಬ್ಯಾಂಡ್ ಮೇಲಿನ ತೆರಿಗೆ ಇಳಿಸುವ ಪ್ರಸ್ತಾವವನ್ನು ರಾಜ್ಯವು ಜಿಎಸ್‌ಟಿ ಮಂಡಳಿಯಲ್ಲಿ ಮಂಡಿಸಬೇಕು.

4. ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ ಒಪ್ಪಿದ ಪರಿಷ್ಕೃತ ಭಾರತ್‌ನೆಟ್ ಯೋಜನೆಯಡಿ ಯಾವ ಊರಿಗೆ, ಎಷ್ಟು ಮನೆಗೆ ಸಂಪರ್ಕ ಬಂದಿದೆ, ತಿಂಗಳಲ್ಲಿ ಎಷ್ಟು ದಿನ ಕೆಟ್ಟಿತ್ತು ಎಂಬ ಪಟ್ಟಿಯನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಹಾಕಿಸಬೇಕು. ಕರೆಂಟ್ ಹೋದರೂ ಉಪಕರಣ ನಡೆಯುವಂತೆ ಬ್ಯಾಟರಿ ಒದಗಿಸಬೇಕು.

5. ಮನೆ ಸಂಪರ್ಕ ಸಿಗುವವರೆಗೆ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳನ್ನು (ಗ್ರಂಥಾಲಯಗಳನ್ನು) ರಾತ್ರಿ 9 ಗಂಟೆಯವರೆಗೆ ತೆರೆದಿಟ್ಟು ಉಚಿತ ವೈ-ಫೈ ಕೊಡಬೇಕು. ಪಿಎಂ-ವಾಣಿ ಯೋಜನೆಯಡಿ ಸಾರ್ವಜನಿಕ ವೈ-ಫೈ ಕೇಂದ್ರ ನಡೆಸಲು ಮುಂದೆ ಬರುವ ಸ್ವಸಹಾಯ ಸಂಘಗಳಿಗೆ ಬಡ್ಡಿರಹಿತ ಸಾಲ ಸಿಗಬೇಕು.

ಪಡಿತರ, ಪಹಣಿ, ವಿದ್ಯಾರ್ಥಿವೇತನ, ಪರೀಕ್ಷಾ ಫಲಿತಾಂಶ ಎಲ್ಲವನ್ನೂ ಆನ್‌ಲೈನ್‌ಗೆ ತಂದ ಸರ್ಕಾರವೇ ಅಲ್ಲಿಗೆ ತಲುಪುವ ದಾರಿಯ ಖರ್ಚಿನಲ್ಲೂ ಪಾಲು ಹೊರಬೇಕು. ಮೊದಲನೆಯ ಬೇಡಿಕೆಗೆ ಬರುವ ಬಜೆಟ್‌ನಲ್ಲಿ ಅನುದಾನ ಇಡಬೇಕೆಂದೂ, ಉಳಿದವುಗಳ ಮೇಲೆ ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
ಚಳ್ಳಕೆರೆ ತಾಲ್ಲೂಕಿನ ಸಹಿದಾರ ಕುಟುಂಬಗಳು
(ಸಹಿ ಹಾಗೂ ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು, ಮಾನ್ಯ ಸಂಸದರು, ಚಿತ್ರದುರ್ಗ, ಮಾನ್ಯ ಶಾಸಕರು, ಚಳ್ಳಕೆರೆ.