ಕಾರಣ ತಿಳಿಯುವ ಮೊದಲೇ ಶಿಕ್ಷೆಯೇ?



ಈ ಬಾರಿ ಹಳೆಯ ನೆನಪುಗಳನ್ನು ಬದಿಗಿರಿಸಿ ಸ್ವಲ್ಪ ಜಗಳಕ್ಕೇ ನಿಂತಿದ್ದೇನೆ. ಯಂತ್ರವೊಂದು ಮುನಿಸಿಕೊಂಡ ಕೂಡಲೇ "ಫಾರ್ಮ್ಯಾಟ್ ಮಾಡಿ, ಇಲ್ಲವೇ ಎಸೆಯಿರಿ" ಎಂದು ತೀರ್ಪು ಕೊಡುವವರ ಮೇಲೆ ನನ್ನ ಜಗಳ. ಅವರಲ್ಲಿ ಅಂಗಡಿಯವರೂ ಇದ್ದಾರೆ, ನನ್ನಿಂದ ವಿಜ್ಞಾನ ಕಲಿತವರೂ ಇದ್ದಾರೆ, ನಮ್ಮ ಮನೆಯ ಮಕ್ಕಳೂ ಇದ್ದಾರೆ.

ಕಳೆದ ವರ್ಷ ತೀರಿಕೊಂಡ ನಮ್ಮ ಅಕ್ಕ ಹಾಡಿದ ಸೋಬಾನೆ ಪದಗಳು ನನ್ನ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿದ್ದವು. ಆ ಫೋನಿನ ವೈಫೈ, ಬ್ಲೂಟೂತ್ ಎರಡೂ ಕೆಟ್ಟಿದ್ದವು. ಸಿಮ್ ಕಾರ್ಡು ಬೇರೆ ಫೋನಿಗೆ ಹೋಗಿತ್ತು. ಹಾಡುಗಳನ್ನು ಹೊರತೆಗೆಯಲು ಉಳಿದದ್ದು ಯುಎಸ್‌ಬಿ ಕೇಬಲ್ಲಿನ ದಾರಿಯೊಂದೇ. ಕಂಪ್ಯೂಟರಿಗೆ ಜೋಡಿಸಿದರೆ ಫೋನು ಚಾರ್ಜ್ ಆಗುತ್ತಿತ್ತೇ ಹೊರತು ಕಂಪ್ಯೂಟರು ಅದನ್ನು ಗುರುತಿಸಲಿಲ್ಲ. ಅಂಗಡಿಗೆ ಒಯ್ದೆ. "ಡ್ರೈವರ್ ಸಮಸ್ಯೆ ಸಾರ್, ಫೋನ್ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ" ಎಂದರು. ಒಳಗಿರುವುದರ ಗತಿಯೇನೆಂದು ಕೇಳಿದೆ. "ಅದೆಲ್ಲ ಹೋಗುತ್ತೆ" ಎಂಬ ನಿರ್ವಿಕಾರ ಉತ್ತರ ಬಂತು. ಅಕ್ಕನ ಮಗನಿಗೆ ಫೋನು ಮಾಡಿದರೆ, "ಮಾವ, ಆ ಹಳೇದನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ? ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ" ಎಂದ. ಒಳಗಿರುವುದು ತನ್ನ ತಾಯಿಯ ದನಿಯೆಂದು ಅವನು ಬಲ್ಲನೇ? ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡ್ರೈವರ್ ಎಂದರೆ ಬಸ್ಸು ಓಡಿಸುವವನಲ್ಲ. ಕಂಪ್ಯೂಟರಿನ ಭಾಷೆ ಒಂದು, ಫೋನಿನದು ಇನ್ನೊಂದು. ನಡುವೆ ನಿಲ್ಲುವ ದುಭಾಷಿಯೇ ಈ ಡ್ರೈವರ್. ದುಭಾಷಿ ಬಾರದಿದ್ದರೆ ಮಾತನಾಡಬೇಕಾದವನ ನೆನಪನ್ನೇ ಅಳಿಸಿಹಾಕುವುದು ಯಾವ ನ್ಯಾಯ?

ತರಗತಿಯಲ್ಲಿ ನಾನು ಹೇಳುತ್ತಿದ್ದುದು ನೆನಪಿದೆಯೇ? ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ನೋಡಿ. ಹಾಗೆಯೇ ಮಾಡಿದೆ. ಮೊದಲು ಕೇಬಲ್ಲು. ಫೋನಿನ ಸಾಮಾನ್ಯ ಯುಎಸ್‌ಬಿ 2.0 ಕೇಬಲ್ಲಿನೊಳಗೆ ಎರಡು ತಂತಿ ವಿದ್ಯುತ್ತಿಗೆ, ಎರಡು ಮಾಹಿತಿಗೆ. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ನನ್ನದು ಅಂಥದೇ! ಬೇರೆ ಕೇಬಲ್ಲು ಹಾಕಿದೊಡನೆ ಕಂಪ್ಯೂಟರು ಟಿಣ್ ಎಂದಿತು. ಎರಡನೆಯದು ಫೋನಿನ ಅನುಮತಿ. 2015ರ ಆಂಡ್ರಾಯ್ಡ್ 6ರಿಂದೀಚೆಗೆ, ಕೇಬಲ್ಲು ಜೋಡಿಸಿದರೆ ಫೋನು ಸಾಮಾನ್ಯವಾಗಿ ಚಾರ್ಜ್ ಮಾತ್ರ ಆಗುತ್ತದೆ. ಲಾಕ್ ತೆಗೆದು, ಮೇಲಿನ ಸೂಚನೆಗಳ ಪರದೆಯನ್ನು ಕೆಳಗೆಳೆದು 'ಫೈಲ್ ಟ್ರಾನ್ಸ್‌ಫರ್' ಆರಿಸಬೇಕು. ಆರಿಸಿದೆ.

ಆದರೂ ಫೋನು ಕಾಣಿಸಲಿಲ್ಲ. ವಿಂಡೋಸಿನ 'ಡಿವೈಸ್ ಮ್ಯಾನೇಜರ್' ತೆರೆದೆ. ಹಳದಿ ತ್ರಿಕೋನ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಅದರ ಮೇಲೆ ಎರಡು ಸಲ ಒತ್ತಿದರೆ ಕೋಡ್ 28 ಎಂದಿತ್ತು. ಅಂದರೆ ಡ್ರೈವರ್ ಅಳವಟ್ಟಿಲ್ಲ. ಇಷ್ಟು ಸಂಗತಿ ಯಂತ್ರವೇ ಹೇಳುತ್ತಿದೆ, ಅಂಗಡಿಯಲ್ಲಿ ಯಾರೂ ಓದಲಿಲ್ಲ! 'ಅಪ್‌ಡೇಟ್ ಡ್ರೈವರ್' ಒತ್ತಿ, ಕಂಪ್ಯೂಟರಿನಲ್ಲೇ ಹುಡುಕುವ ದಾರಿ ಹಿಡಿದು, ಪಟ್ಟಿಯಲ್ಲಿ 'ಪೋರ್ಟಬಲ್ ಡಿವೈಸಸ್' ಅಡಿಯಲ್ಲಿದ್ದ 'ಎಂಟಿಪಿ ಯುಎಸ್‌ಬಿ ಡಿವೈಸ್' ಆರಿಸಿದೆ. ಫೋನು ಕಾಣಿಸಿತು.

ಗಮನಿಸಿ, ಆ ದುಭಾಷಿ ನನ್ನ ಮನೆಯೊಳಗೇ ಇದ್ದ. ಸಾಮಾನ್ಯ ವಿಂಡೋಸ್ 10, 11ರಲ್ಲಿ ಅವನು ಮೊದಲೇ ಇರುತ್ತಾನೆ. 'ಉಚಿತ ಡ್ರೈವರ್' ಎಂದು ಗುರುತು ಪರಿಚಯವಿಲ್ಲದ ಕಡೆಯಿಂದ ಏನೇನನ್ನೋ ಇಳಿಸಿಕೊಳ್ಳುವುದು ಕಳ್ಳನ ಕೈಗೆ ಬೀಗದಕೈ ಕೊಟ್ಟಂತಾದೀತು.

ತಯಾರಕರನ್ನೂ ನಾನು ಬಿಡಲಾರೆ. ಅಪರಿಚಿತ ಕಂಪ್ಯೂಟರು ನಮ್ಮ ಮಾಹಿತಿಯನ್ನು ಕದಿಯದಿರಲೆಂದು ಚಾರ್ಜಿಗೆ ಮಾತ್ರ ಅವಕಾಶವಿತ್ತದ್ದು ಸರಿಯೇ. ಆದರೆ ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಸರಳವಾಗಿ ಎರಡು ಸಾಲು ಬರೆಯಲು ಏನು ಕಷ್ಟ? 'ಗುರುತಿಸಲಾಗಲಿಲ್ಲ' ಎಂದಷ್ಟೇ ಹೇಳಿ ಸುಮ್ಮನಾಗುವುದು, ಉತ್ತರ ತಪ್ಪೆಂದು ಅಡ್ಡಗೆರೆ ಎಳೆದು ಕಾರಣ ಹೇಳದ ಮೇಷ್ಟರ ಕೆಲಸ.

"ಸಾರ್, ಇಷ್ಟಕ್ಕೆಲ್ಲ ನಮಗೆ ಸಮಯವೆಲ್ಲಿ?" ಎನ್ನುವಿರಿ. ನನಗೆ ಹಿಡಿದದ್ದು ಒಂದು ಸಂಜೆ. ಅಳಿಸಿದ್ದನ್ನು ಮರಳಿ ತರಲು ಎಷ್ಟು ಸಂಜೆಗಳು ಬೇಕು, ಹೇಳಿ.

ಈ ಮಾತಿನ ಹಿಂದೆ ನನ್ನದೇ ಒಂದು ಪಾಪವಿದೆ. ಬೋರ್ಡಿನ ಮೇಲಿನದನ್ನು ಸದಾ ತಪ್ಪಾಗಿ ಬರೆದುಕೊಳ್ಳುತ್ತಿದ್ದ ಹುಡುಗನೊಬ್ಬನನ್ನು ವರ್ಷದ ಅರ್ಧ ಕಾಲ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವನಿಗೆ ಬೇಕಾಗಿದ್ದುದು ಕನ್ನಡಕ. ಕಾರಣ ಹುಡುಕದೆ ಶಿಕ್ಷಿಸುವುದು ಯಂತ್ರಕ್ಕಾದರೂ ಮನುಷ್ಯನಿಗಾದರೂ ಒಂದೇ ಸೋಮಾರಿತನ. ಅದನ್ನು ನಾನು ತಡವಾಗಿ ಕಲಿತೆ, ನೀವು ಬೇಗ ಕಲಿಯಿರಿ.

ಹನ್ನೊಂದು ಪದಗಳು ಸಿಕ್ಕವು. ಅಂದೇ ರಾತ್ರಿ ಅಳಿಯನಿಗೆ ಕಳಿಸಿದೆ. ಬೆಳಗ್ಗೆ ಫೋನು ಮಾಡಿದವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾವ, ಆ ಫೋನನ್ನು ಯಾರಿಗೂ ಕೊಡಬೇಡಿ" ಎಂದ.

ಇಂತಿ ನಿಮ್ಮ ಮೇಷ್ಟ್ರು